ಫೋನಿಗೆ ಟೋಪಿ ತೆಗೆದ ಸೆವೆರೋ

ಇದು ನಡೆದ ಸಂಗತಿ. ನಂಬದವರು ಚಲ್ಯಾಪಂಪ ಎಂಬ ಊರಿನ ಹೆದ್ದಾರಿಗೆ ಹೋಗಿ ಯಾರನ್ನಾದರೂ ಕೇಳಬಹುದು, ಹೆದ್ದಾರಿ ತೆರೆದಿದ್ದರೆ.

ಆಗಂತೂ ತೆರೆದಿರಲಿಲ್ಲ. ಊರಿನ ಒರತೆಯನ್ನು ಸರ್ಕಾರ ಗಣಿ ಕಂಪನಿಯೊಂದಕ್ಕೆ ಬರೆದುಕೊಟ್ಟಿದೆ ಎಂದು ತಿಳಿದದ್ದೇ ತಡ, ಅಲ್ಲಿನ ಐಮಾರಾ ಬುಡಕಟ್ಟಿನ ಜನ ರಸ್ತೆಗೆ ಬಂಡೆ ಉರುಳಿಸಿ ಬಂಡಾಯ ಹೂಡಿದ್ದರು. ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹೆಂಗಸರು ನಟ್ಟನಡುವೆ ಕಂಬಳಿ ಹಾಸಿ, ಮನೆಮನೆಯಿಂದ ತಂದ ಆಲೂಗಡ್ಡೆ, ಹುರಿದ ಜೋಳ ಸುರಿದು ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದರು, ಲಾರಿಯವರನ್ನೂ.

ಬಾಸಿಲಿಯಾಗೆ ಮಾತ್ರ ತುತ್ತು ಇಳಿಯುತ್ತಿರಲಿಲ್ಲ. ಆ ವರ್ಷ ಊರಿನ ಹಿರಿತನ, ಅಂದರೆ ಮಾಲ್ಕು ಪಟ್ಟ, ಅವಳಿಗೂ ಅವಳ ಗಂಡ ಸೆವೆರೋಗೂ ಬಂದಿತ್ತು. ಅಲ್ಲಿ ಪಟ್ಟ ಕಟ್ಟುವುದು ಜೋಡಿಗೆ. ಒಂಟಿ ಗಂಡಸನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಕಂಪನಿಯ ವಕೀಲ ಬೆಲ್ಮೊಂತೆ ಬಂದು, ಕಾಗದಕ್ಕೆ ಮಾಲ್ಕು ಒಪ್ಪಿಗೆಯೂ ಬೇಕು, ಒಪ್ಪದಿದ್ದರೆ ಜೈಲು ಎಂದು ಹೇಳಿಹೋದ ಮೇಲೆ, ಕಂಪನಿ ಎಂದರೆ ಸೆವೆರೋಗೆ ಕಂಪನ. ಜಮೀನ್ದಾರನ ಮುಂದೆ ಅವನ ಅಪ್ಪ ಟೋಪಿ ತೆಗೆದು ನಿಂತವನು. ಮಗನ ಕೈಯೂ ತಾನಾಗಿ ತಲೆಗೆ ಹೋಗುತ್ತಿತ್ತು. ಟೋಪಿ ಹಾಕಲು ಬಂದವರಿಗೇ ಟೋಪಿ ತೆಗೆಯುವ ಸಂಸಾರ.

ಆವತ್ತು ಮಧ್ಯಾಹ್ನ ವಕೀಲ ಫೋನು ಮಾಡಿ ಉತ್ತರ ಕೇಳುವವನಿದ್ದ. ಸೆವೆರೋ ಹೂಂ ಎಂದರೆ ಒರತೆ ಹೋಯಿತು.

"ಏನ್ರೀ, ಏನು ಹೇಳ್ತೀರಿ ಅವನಿಗೆ?"

"ನೋಡೋಣ ಕಣೆ."

"ನಿಮ್ಮ ನೋಡೋಣ ನನಗೆ ಗೊತ್ತಿಲ್ವೇ? ನನ್ನಪ್ಪ ಹೆಣ್ಣು ಕೊಡ್ತೀನಿ ಅಂದಾಗ್ಲೂ ಹೀಗೇ ಅಂದಿದ್ರಿ."

ಬಾಸಿಲಿಯಾ ಒಮ್ಮೆ ಕೇಳಿದ ದನಿಯನ್ನು ಅಣಕಿಸದೆ ಬಿಡುವವಳಲ್ಲ. ಪಾದ್ರಿಯ ಆಕಳಿಕೆ, ರೇಡಿಯೋ ಮಂತ್ರಿಯ ಆಶ್ವಾಸನೆ, ಉಣ್ಣೆಗೆ ಸಾಕುವ ಲಾಮಾ ಪ್ರಾಣಿಯ ಮುನಿಸು, ಎಲ್ಲ ಅವಳ ಗಂಟಲಲ್ಲೇ ಇದ್ದವು. ವಕೀಲನಿಗಿಂತ ಮೊದಲೇ ಗಂಡನನ್ನು ಪರೀಕ್ಷಿಸೋಣವೆಂದು ಲಾರಿ ಡ್ರೈವರೊಬ್ಬನ ಫೋನು ಕೇಳಿ ಪಡೆದು, ಲಾರಿಯ ಹಿಂದೆ ನಿಂತು ಗಂಡನಿಗೆ ಕರೆ ಮಾಡಿದಳು.

"ಮಾಲ್ಕು ಅವರೇ," ಅಂದಳು ಮೂಗಿನಲ್ಲಿ, "ನಾನು ಬೆಲ್ಮೊಂತೆ. ಅಭಿವೃದ್ಧಿ ಬಾಗಿಲಿಗೆ ಬಂದಿದೆ, ತಿಳೀತೇನ್ರಿ?"

ಸೆವೆರೋ ಎದ್ದು ನಿಂತ. ಟೋಪಿ ತೆಗೆದ. ಫೋನಿಗೆ. ಗುಟ್ಟು ಗೊತ್ತಿದ್ದ ಹೆಂಗಸರು ಬಾಯಿಗೆ ಶಾಲು ತುರುಕಿಕೊಂಡರು.

"ಒರತೆ ನಮಗೆ ಬಿಡ್ತೀರಿ."

"ನೋಡೋಣ ಸಾಹೇಬ್ರೆ."

"ಲಾಮಾ ಮೇಯೋ ಬಯಲು ಪೈಪಿಗೆ ಬೇಕು."

"ಯೋಚಿಸ್ತೀವಿ ಸಾಹೇಬ್ರೆ."

"ನಿಮ್ಮ ನೀರಿಗೆ ಮೀಟರು ಕೂರಿಸ್ತೀವಿ. ಮಳೆಗೂ."

"ಮಳೆಗೂನಾ... ಆಗ್ಲಿ ಸಾಹೇಬ್ರೆ."

ಬಾಸಿಲಿಯಾಗೆ ನಗು ಬತ್ತಿತು. ಈ ಮನುಷ್ಯ ಎಲ್ಲಿ ನಿಲ್ಲುತ್ತಾನೆ? ಗಂಟಲು ಸರಿಮಾಡಿಕೊಂಡಳು.

"ಒಪ್ಪಿಗೆ ಕೊಡೋಕೆ ಒಬ್ರೇ ಬನ್ನಿ. ಹೆಂಗಸು ಬೇಡ."

ಸೆವೆರೋ ಕೈಯಲ್ಲಿದ್ದ ಟೋಪಿಯನ್ನು ಒಮ್ಮೆ ತಿರುಗಿಸಿದ.

"ಒಬ್ನೇ ಬಂದ್ರೆ ಬರೋನು ಸೆವೆರೋ, ಮಾಲ್ಕು ಅಲ್ಲ. ಅವಳಿಲ್ದೆ ನಾನು ಹೂಂ ಅಂದ್ರೂ ಅರ್ಧ, ಊಹೂಂ ಅಂದ್ರೂ ಅರ್ಧ."

"ಮನೇಲಿ ಬೇಯಿಸ್ಕೊಂಡಿರ್ಲಿ ಬಿಡ್ರಿ."

"ನಿಮ್ಮವರನ್ನ ಕೂರಿಸ್ಕೊಳ್ಳಿ ಮನೇಲಿ," ಸೆವೆರೋನ ದನಿ ಏರಿತು. ಟೋಪಿ ತಲೆಗೆ ವಾಪಸು ಹೋಯಿತು. "ಅವಳನ್ನ ಬಿಟ್ಟು ಮಾತಾಡೋದಾದ್ರೆ ನನ್ನ ಹತ್ರ ಮಾತೇ ಇಲ್ಲ."

ಬಾಸಿಲಿಯಾ ಲಾರಿ ಬಳಸಿ ಎದುರಿಗೆ ಬಂದಳು, ಫೋನು ಕಿವಿಗೇ ಇತ್ತು. "ತಿಳೀತೇನ್ರಿ, ಮಾಲ್ಕು ಅವರೇ?"

ರಸ್ತೆಗೆ ರಸ್ತೆಯೇ ನಕ್ಕಿತು. ಸೆವೆರೋ ನಗಲಿಲ್ಲ. "ಮಾನ ಕಳೆದ್ಯಲ್ಲೇ," ಅಂದು ಎಲ್ಲರಿಗೂ ಬೆನ್ನು ತಿರುಗಿಸಿ ಕಲ್ಲಿನ ಮೇಲೆ ಕೂತ. ದವಡೆಗೆ ಕೋಕಾ ಎಲೆ ಒತ್ತಿಕೊಂಡ. ಅವಳು ಕಂಬಳಿಯ ಹತ್ತಿರ ಹೋಗಿ ಕೂತಳು. ಈಗ ಹಸಿವಾಗಿತ್ತು.

ಸೆವೆರೋನ ಫೋನು ಮತ್ತೆ ಬಡಿದುಕೊಂಡಿತು.

"ಮಾಲ್ಕು ಅವರೇ, ಬೆಲ್ಮೊಂತೆ."

"ಹೌದಪ್ಪಾ, ಬೆಲ್ಮೊಂತೆ," ಅಂದ ಸೆವೆರೋ, ತಿರುಗದೆ. "ಇನ್ನೂ ಸ್ವಲ್ಪ ಮೂಗಲ್ಲಿ ಮಾತಾಡು, ಥೇಟ್ ಅವನೇ. ಕೇಳಿಸ್ಕೋ. ಒರತೆ ಕೊಡಲ್ಲ. ಬಯಲು ಕೊಡಲ್ಲ. ಜೈಲಾ? ಊರಿಗೆ ಊರೇ ಬರ್ತೀವಿ, ಲಾಮಾ ಸಮೇತ, ಹುಲ್ಲು ಹಾಕಿಟ್ಟಿರು. ಬಾಯಾರಿದ್ರೆ ಬೊಗಸೆ ತಗೊಂಡು ಬಾ, ನೀರು ಇಲ್ಲ ಅಂತ ನಾವು ಯಾರಿಗೂ ಅಂದಿಲ್ಲ. ಪೈಪು ತಂದ್ಯೋ, ಅದನ್ನೇ ಕೊಳಲು ಮಾಡಿ ಊದಿ ನಿನ್ನ ಕುಣಿಸ್ತೀವಿ."

"ಯಾರ ಜೊತೆ ಮಾತಾಡ್ತಿದೀರಿ ಗೊತ್ತೇನ್ರಿ?"

"ಗೊತ್ತಿಲ್ದೆ ಏನು? ಮದ್ವೆ ಆದಾಗಿಂದ ಪಕ್ಕದಲ್ಲೇ ಗೊರಕೆ ಹೊಡೀತಿದೀಯ."

ಅಂದು ಮಜಾ ನೋಡಲು ತಿರುಗಿದ. ಬಾಸಿಲಿಯಾ ಕಂಬಳಿಯ ಮೇಲೆ ಕೂತಿದ್ದಳು. ಎರಡೂ ಕೈಯಲ್ಲಿ ಆಲೂಗಡ್ಡೆ, ಬಾಯಲ್ಲಿ ಇನ್ನೊಂದು.

ಫೋನು ಕೂಗಾಡುತ್ತಲೇ ಇತ್ತು. ಈ ಸಲ ಯಾರೂ ನಗಲಿಲ್ಲ. ಸೆವೆರೋ ಫೋನು ನೋಡಿದ, ಹೆಂಡತಿಯನ್ನು ನೋಡಿದ. ತಪ್ಪಾಯ್ತು ಅನ್ನಲು ಇನ್ನೂ ಸಮಯವಿತ್ತು. ಅವಳಿಗೂ ಅದು ಗೊತ್ತಿತ್ತು. ಅವನು ಎದ್ದು ಬಂದು ಫೋನನ್ನು ಅವಳ ಬಾಯಿಯ ಮುಂದೆ ಹಿಡಿದ.

ಬಾಸಿಲಿಯಾ ನುಂಗಿದಳು. ತನ್ನದೇ ದನಿಯಲ್ಲಿ ಹೇಳಿದಳು: "ವಕೀಲ್ರೇ, ನಾನು ಬಾಸಿಲಿಯಾ, ಮಿಕ್ಕ ಅರ್ಧ. ಅವರು ಹೇಳಿದ್ದಕ್ಕೆ ನನ್ನದೂ ಸೇರ್ತು. ಈಗ ಅದು ಪೂರ್ತಿ ಆಯ್ತು." ಕರೆ ಕತ್ತರಿಸಿದಳು.

"ಗೊರಕೆ ಅಂದ್ಬಿಟ್ನಲ್ಲೇ ಅವನಿಗೆ," ಅಂದ ಸೆವೆರೋ ಮೆಲ್ಲಗೆ. "ಪಕ್ಕದಲ್ಲೇ ಅಂದ್ಬಿಟ್ಟೆ." ಹೊಟ್ಟೆ ಕುಲುಕಿತು, ಕೋಕಾ ಎಲೆ ಬಾಯಿಂದ ಹಾರಿತು, ಬಂಡೆಗೆ ಒರಗಿ, ಕಣ್ಣೊರೆಸಿಕೊಳ್ಳುತ್ತ, ಸಾಲಿನ ಕೊನೆಯ ಲಾರಿಯವನೂ ಇಳಿದು ಬಂದು ನೋಡುವಷ್ಟು ಜೋರಾಗಿ ಅವನು ನಕ್ಕ.