ಒಂದೇ ಸಿನಿಮಾದಲ್ಲಿ ಎರಡು ಸಾವು

ಅಪ್ಪನ ಕಸುಬೇ ಸಾಯುವುದು. ಯುದ್ಧದ ಸಿನಿಮಾಗಳಲ್ಲಿ ಗುಂಡು ತಗುಲಿ ಬೀಳುವ ಗುಂಪಿನಲ್ಲಿ ಅವನೊಬ್ಬ. ಬಿದ್ದ ಮೇಲೆ ಮುಖದ ಮೇಲೆ ನೊಣ ಕೂತರೂ ಮಿಸುಕುವವನಲ್ಲ. ಅದಕ್ಕೇ ಜೊತೆಯವರು ಪ್ರೀತಿಯಿಂದ 'ಹೆಣ' ಎಂದೇ ಕರೆಯುತ್ತಿದ್ದರು. ಈ ಸಲವಂತೂ ಅದೃಷ್ಟ ಖುಲಾಯಿಸಿತ್ತು: ನಮ್ಮ ಕಡೆಯ ಸೈನಿಕನಾಗಿ, ಮುಖ ಚೆನ್ನಾಗಿ ಕಾಣುವ ಹಾಗೆ, ನಾಯಕನ ತೊಡೆಯ ಮೇಲೆ ತಲೆಯಿಟ್ಟು ಸಾಯುವ ಭಾಗ್ಯ. ಆರು ವರ್ಷದ ಮಗಳು, ಮನೆಯವರ ಬಾಯಲ್ಲಿ 'ಮೆಣಸು', ಇದನ್ನು ಬೀದಿಗೆಲ್ಲ ಡಂಗುರ ಸಾರಿದ್ದಳು.

ಅವಳಿಗೆ ಹೇಳದೆ ಬಿಟ್ಟ ಸಂಗತಿಯೊಂದಿತ್ತು. ಜನ ಸಾಲದೆ ಹೋದಾಗ, ಬೆಳಿಗ್ಗೆ ನಮ್ಮವರಾಗಿ ಸತ್ತವರೇ ಊಟ ಮುಗಿಸಿ, ಮೀಸೆ ಅಂಟಿಸಿಕೊಂಡು, ಮಧ್ಯಾಹ್ನ ಶತ್ರುಗಳಾಗಿ ಸಾಯುವುದು ಆ ಕೆಲಸದ ರೂಢಿ. ಈ ಸಿನಿಮಾದಲ್ಲಿ ಅಪ್ಪನೂ ಹಾಗೆ ಸತ್ತಿದ್ದ. ಆ ಸಾವಿಗೆ ಥಿಯೇಟರೇ ಎದ್ದು ಕುಣಿಯುತ್ತದೆಂದು ಅವನಿಗೆ ಗೊತ್ತು. ಮಗಳು ಅದನ್ನು ನೋಡಬಾರದು. ಇಂಟರ್‌ವಲ್ ಆದ ಕೂಡಲೇ ಏನಾದರೂ ನೆಪ ಹೇಳಿ ಮನೆಗೆ ಕರೆದೊಯ್ಯಬೇಕೆಂದುಕೊಂಡಿದ್ದ.

ತೆರೆಯ ಮೇಲೆ ಮೊದಲ ಸಾವು ಸೊಗಸಾಗಿ ನಡೆಯಿತು. ಥಿಯೇಟರ್ ಗಪ್‌ಚುಪ್. ಮುಂದಿನ ಸಾಲಿನ ದಪ್ಪ ಮನುಷ್ಯ ಕರವಸ್ತ್ರ ತೆಗೆದು ಮೂಗೊರೆಸಿಕೊಂಡ. ಮೆಣಸು ಅಪ್ಪನ ಎದೆ ಮುಟ್ಟಿ ನೋಡಿದಳು.

"ಇಲ್ಲೇ ಇದ್ದೀನಲ್ಲಮ್ಮಾ," ಎಂದ ಅಪ್ಪ.

ಇಂಟರ್‌ವಲ್ಲಿನಲ್ಲಿ ಕೇಳಿದ, "ಹೊರಡೋಣ್ವಾ? ನಂದು ಮುಗೀತಲ್ಲ."

"ನಿಂದು ಮುಗೀತು, ಯುದ್ಧ ಮುಗೀಲಿಲ್ವಲ್ಲ!"

ಕುರ್ಚಿ ಕಚ್ಚಿ ಕೂತವಳನ್ನು ಯಾರಪ್ಪ ಬಂದರೂ ಎಬ್ಬಿಸಲಾಗುತ್ತಿರಲಿಲ್ಲ. ಅವಳಪ್ಪನ ಕೈಲಂತೂ ಮೊದಲೇ ಆಗದು.

ಕಂದಕದಲ್ಲಿ ಮೀಸೆಯ ಶತ್ರು ತಲೆಯೆತ್ತಿದ. "ಹೊಡಿ ಅವನನ್ನ, ಬಿಡಬೇಡ!" ಎಂದು ದಪ್ಪ ಮನುಷ್ಯ ಕೂಗಿದ. ಅಪ್ಪ ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದ. ಅವಳು ಆ ಕೈ ತಳ್ಳಿ ಕುರ್ಚಿಯ ಮೇಲೆ ನಿಂತೇಬಿಟ್ಟಳು.

"ಹೊಡೀಬೇಡಿ! ಅದು ನಮ್ಮಪ್ಪ!"

ಗುಂಡು ಹಾರಿತು. ಸೂರು ಕಿತ್ತುಹೋಗುವ ಹಾಗೆ ಶಿಳ್ಳೆ, ಚಪ್ಪಾಳೆ. ನೂರು ಸಲ ಸತ್ತವನಿಗೆ ಒಮ್ಮೆಯೂ ನೋವಾಗಿರಲಿಲ್ಲ, ಈಗ ಆಯಿತು.

"ಆಗ ಸತ್ತಾಗ ಎಲ್ಲರೂ ಅತ್ರು. ಈಗ ಸತ್ರೆ ಚಪ್ಪಾಳೆ ಹೊಡೀತಾರೆ," ಎಂದಳು ಮಗಳು, ಸಣ್ಣ ದನಿಯಲ್ಲೇನಲ್ಲ. "ಎರಡೂ ನೀನೇ ತಾನೆ ಅಪ್ಪಾ?"

ಅಪ್ಪ ಅವಳನ್ನು ಇಳಿಸಿ ಪಕ್ಕಕ್ಕೆ ಕೂರಿಸಿಕೊಂಡ. "ಹೂಂ, ನಾನೇ."

ತೆರೆಯ ಮೇಲೆ ಇನ್ನೊಬ್ಬ ಉರುಳಿದ. "ಅವರು ಯಾರು?"

"ಲಂಬು ಚಿಕ್ಕಪ್ಪ. ಇಬ್ಬರು ಹೆಣ್ಣುಮಕ್ಕಳು."

"ಇವರು?"

"ಶೂಟಿಂಗ್ ಇಲ್ಲದಾಗ ಗೋಡೆಗೆ ಬಣ್ಣ ಹೊಡೀತಾನೆ. ಒಬ್ಬ ಮಗ, ಇನ್ನೂ ಅಂಬೆಗಾಲು."

ಬಿದ್ದವರನ್ನೆಲ್ಲ ಮಗಳು ಕೇಳುತ್ತ ಹೋದಳು, ಅಪ್ಪ ಹೇಳುತ್ತ ಹೋದ. ಹಿಂದಿನವರು ಮೊದಮೊದಲು 'ಶ್' ಎಂದರು, ಆಮೇಲೆ ತಾವೂ ಕಿವಿಗೊಟ್ಟರು. ಅಕ್ಕಪಕ್ಕದ ಶಿಳ್ಳೆಗಳು ಒಂದೊಂದಾಗಿ ನಿಂತವು. ಕೇಳಿ ಕೇಳಿ ದಣಿದ ಮೆಣಸು, ಎರಡು ಸಲ ಸತ್ತ ಅಪ್ಪನ ತೋಳನ್ನು ಬಿಗಿಯಾಗಿ ತಬ್ಬಿ ನಿದ್ದೆಹೋದಳು. ಅಪ್ಪ ಆ ತೋಳನ್ನು ಅಲುಗಿಸದೆ ಕೂತ.

ಕೊನೆಗೆ ಸೇತುವೆ ಸಿಡಿದು ಶತ್ರುವೊಬ್ಬ ಹೊಳೆಗೆ ಬಿದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ದಪ್ಪ ಮನುಷ್ಯ ಮೆಲ್ಲಗೆ ಹಿಂದಕ್ಕೆ ತಿರುಗಿದ.

"ಇವನ್ಯಾರಪ್ಪಾ?" ಎಂದ. "ಈಜು ಬರುತ್ತೆ ತಾನೆ ಅವನಿಗೆ?"