ಯಾವಾಗಲೂ ತಲೆ ತೊಳೆಯುವ ಸೊಸೆ

ನಾಲ್ಕನೇ ಮಹಡಿಯ ಆ ಮನೆಯ ಮುದುಕಿಗೆ ಕಟ್ಟಡದವರೆಲ್ಲ ಸೇರಿ ಇಟ್ಟ ಹೆಸರು ಟ್ರಂಕ್‌ಕಾಲ್ ಅಜ್ಜಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ದೂರದೂರುಗಳ ಕಿವಿಗೆ ಮಾತು ಮುಟ್ಟಿಸಿ ಮುಟ್ಟಿಸಿ, ಮಗ್ಗುಲಲ್ಲಿ ಕೂತವರ ಹತ್ತಿರವೂ ಸಮುದ್ರದ ಆಚೆ ದಡಕ್ಕೆ ಕೇಳುವಂತೆ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಅವಳು ಸೊಸೆಯ ಕಿವಿಯಲ್ಲಿ ಗುಟ್ಟು ಹೇಳಿದರೆ ಕೆಳಗಿನ ಇಸ್ತ್ರಿ ಅಂಗಡಿಯವನು ತಲೆದೂಗುತ್ತಿದ್ದ.

ಸೊಸೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದಿನ ಕಡ್ಡಿಯನ್ನು ಬಿಸಿ ಮಾಡಿ ನವಿರಾಗಿ ಬಗ್ಗಿಸಿ, "ಈಗ ಒತ್ತುತ್ತಾ?" ಎಂದು ಕೇಳುವುದು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆದಾಗ ಅವನು ಬಸ್ಸಿನ ಅಡಿಯಲ್ಲಿ ಮಲಗಿದವನ ಹಾಗೆ ಇದ್ದುಬಿಡುತ್ತಿದ್ದ. ಒಳಗಿದ್ದಾನೆಂದು ಗೊತ್ತು, ಮುಖ ಮಾತ್ರ ಕಾಣದು.

ಸೊಸೆಯ ಎದೆಯಲ್ಲಿ ಒಂದು ಹಳೆಯ ಮುಳ್ಳಿತ್ತು. ಅತ್ತೆ ಯಾವಾಗಲೂ ಬಂದವರೆದುರು ತನ್ನ ಮಾನ ಕಳೆಯುತ್ತಾಳೆ ಎಂಬುದು. ಬೇರೆ ಊರಿನಲ್ಲಿ ನರ್ಸಾಗಿದ್ದ ಅಕ್ಕನ ಹತ್ತಿರ ಫೋನಿನಲ್ಲಿ ಅದನ್ನು ತೋಡಿಕೊಂಡರೇ ಅವಳಿಗೆ ಅನ್ನ ಅರಗುತ್ತಿದ್ದುದು.

ಹೀಗಿರುವಾಗ ನಾದಿನಿ ಹೊಸ ಮನೆ ಮಾಡಿದಳು. ನೆಲಮಹಡಿ, ಮೆಟ್ಟಿಲಿನ ಕಾಟವಿಲ್ಲ, ಹಿಂದೆ ಬಿಸಿಲು ಬೀಳುವ ಅಂಗಳ. "ಅಮ್ಮ ಇನ್ಮೇಲೆ ನಮ್ಮನೇಲಿರ್ಲಿ. ನಾಲ್ಕು ಮಹಡಿ ಹತ್ತಿ ಇಳಿಯೋ ವಯಸ್ಸಾ ಅವಳದು?" ಎಂದಳು. "ನಿಮ್ಮಿಷ್ಟ ಅತ್ತೆ" ಎಂದ ಸೊಸೆಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಮಾರನೆಯ ದಿನವೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಅತ್ತೆಯ ಸ್ವೆಟರುಗಳನ್ನು ಮಡಚತೊಡಗಿದಳು.

ಆದರೆ ಆ ವಾರವೇ ಅಜ್ಜಿ ಚಹಾವನ್ನು ಲೋಟಕ್ಕೆ ಹೊಯ್ಯುವ ಬದಲು ಮೇಜಿಗೆ ಸುರಿದಳು. "ಲೋಟ ಜರುಗ್ತು" ಎಂದು ಲೋಟದ ಮೇಲೇ ತಪ್ಪು ಹೊರಿಸಿದಳು. ದಿನವಿಡೀ ಕಣ್ಣುಗಳನ್ನೇ ನೋಡುವ ಸೊಸೆಗೆ ಅನುಮಾನ ಬಂತು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ನೋಡಿದಳು. ಬಲಗಣ್ಣಿನಲ್ಲಿ ಮಂಜು ಕಟ್ಟಿದಂಥ ಪೊರೆ. ಮನೆ ಬದಲಿಸುವ ಮೊದಲು ಆಪರೇಷನ್ ಮುಗಿಸುವುದೆಂದಾಯಿತು.

ಆಸ್ಪತ್ರೆಯಲ್ಲಿ ಪೊರೆ ತೆಗೆದದ್ದು ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. ಹೊರಗೆ ಬೆಂಚಿನ ಮೇಲೆ ಕೂತ ಸೊಸೆಗೆ ಮಾತ್ರ ಗಡಿಯಾರ ಕೆಟ್ಟಿರಬೇಕು ಅನ್ನಿಸುವಷ್ಟು ದೀರ್ಘ. ಕೊನೆಗೆ ಒಳಗೆ ಕರೆದರು. ಅವಳು ಔಷಧಿಯ ಚೀಲ ಹಿಡಿದು ಹೋಗುವಷ್ಟರಲ್ಲಿ ಹಸಿರು ಪರದೆಯ ಆಚೆಯಿಂದ ಅತ್ತೆಯ ದನಿ ಇಡೀ ವಾರ್ಡಿಗೆ ಕೇಳುತ್ತಿತ್ತು.

"ಕೆಲವು ದಿನ ಕಣ್ಣಿಗೆ ನೀರು ತಾಗಬಾರದು ಅಜ್ಜಿ," ಎಂದಳು ನರ್ಸು. "ತಲೆಗೆ ನೀವೇ ನೀರು ಹಾಕ್ಕೋಬೇಡಿ. ಮನೇಲಿ ಯಾರಿದಾರೆ?"

"ಅಯ್ಯೋ, ಅದಕ್ಕೆ ಯಾಕೆ ಯೋಚ್ನೆ? ನನ್ನ ಸೊಸೆ ಇಲ್ವಾ! ಯಾವಾಗ್ಲೂ ಅವಳೇ ನನ್ನ ತಲೆ ತೊಳೆಯೋದು. ಅವಳ ಬೆರಳು ತಲೇಲಿ ಆಡಿದ್ರೆ ಸಾಕು, ಕೂತಲ್ಲೇ ನಿದ್ದೆ ಬರುತ್ತೆ. ಹೆತ್ತ ಮಗಳೂ ಹಾಗೆ ಮಾಡಲ್ಲ."

ಸೊಸೆ ಪರದೆಯ ಈಚೆಗೇ ನಿಂತುಬಿಟ್ಟಳು. ಯಾವಾಗಲೂ? ಎಷ್ಟೋ ವರ್ಷದ ಕೆಳಗೆ ಅತ್ತೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಆಗ ತಾನು ತಲೆ ತೊಳೆದದ್ದು ಎರಡು ಸಲವೋ ಮೂರು ಸಲವೋ. ಅದೂ ಕೆಲಸಕ್ಕೆ ಹೊತ್ತಾಯಿತೆಂದು ಗೊಣಗಿಕೊಂಡು. ಆಮೇಲೆ ಅದಕ್ಕೆಂದೇ ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಆ ಹೆಂಗಸಿನ ಕೈಯೆಲ್ಲ ಅತ್ತೆಯ ನೆನಪಿನಿಂದ ಜಾರಿಹೋಗಿ, ತನ್ನ ಕೈಯೊಂದೇ ಉಳಿದಿತ್ತೇ?

ಸಂಜೆ ಅಕ್ಕನಿಗೆ ಫೋನ್ ಹಚ್ಚಿದಳು. "ಮಾಡಿದ್ದು ಅಂಗೈಯಗಲ, ಹೇಳೋದು ಆಕಾಶದಗಲ. ನಂಗೆ ನಾಚಿಕೆ ಆಯ್ತು ಅಕ್ಕಾ."

ಅಕ್ಕ ನಕ್ಕಳು. "ಅದು ಬಿಡು. ಬಂದವರ ಮುಂದೆ ನಿನ್ನ ಚಹಾನ ಪಾತ್ರೆ ತೊಳೆದ ನೀರು ಅಂತಾರಲ್ಲ, ಅದು ಹೋದ ವಾರ ಆಗಿದ್ದಾ?"

"ಹೋದ ವಾರ? ಇಲ್ಲಪ್ಪ. ಅದು ಮದುವೆಯಾದ ಹೊಸದ್ರಲ್ಲಿ."

"ಆಮೇಲೆ ಎಷ್ಟು ಸಲ ಅಂದ್ರು?"

ಸೊಸೆ ನೆನಪನ್ನು ಕೆದಕಿದಳು. ಇನ್ನೊಂದು ದಿನ, ಇನ್ನೊಬ್ಬ ಅತಿಥಿ, ಇನ್ನೊಂದು ಮಾತು ಎಂದು ಹುಡುಕಿದಳು. ಎಷ್ಟು ತಡಕಿದರೂ ಕೈಗೆ ಸಿಕ್ಕಿದ್ದು ಅದೇ ಕೋಣೆ, ಅದೇ ನೀಲಿ ಸೀರೆಯ ಅತಿಥಿ, ಅದೇ ಚಹಾ. "ಒಂದೇ ಸಲ ಅನ್ಸುತ್ತೆ," ಎಂದಳು ಸಣ್ಣಗೆ.

"ಒಂದೇ ಸಲಾನಾ! ನೀನು ಹೇಳಿದ್ದು ಕೇಳಿ ಕೇಳಿ, ಪಾಪ ಇವಳು ವಾರಕ್ಕೊಂದು ಸಲ ಬೈಸ್ಕೊಳ್ತಾಳೆ ಅಂದ್ಕೊಂಡಿದ್ದೆ. ಅವರು ಆಡಿದ್ದು ಒಂದು ಸಲ, ನೀನು ಆಡ್ಸಿದ್ದು ನೂರು ಸಲ ಕಣೇ!"

ಆ ಮಾತಿಗೆ ಸೊಸೆಗೆ ಸಿಟ್ಟೂ ಬಂತು, ನಗುವೂ ಬಂತು.

ಎರಡು ದಿನ ಬಿಟ್ಟು, ರಜೆಯ ಬೆಳಗ್ಗೆ, ಬಚ್ಚಲ ಬೇಸಿನ್ನಿನ ಮುಂದೆ ಕುರ್ಚಿ ಹಾಕಿ, ಅಂಚಿಗೆ ಟವೆಲ್ ಮಡಚಿಟ್ಟು, ಅತ್ತೆಯ ತಲೆಯನ್ನು ಹಿಂದಕ್ಕೆ ಒರಗಿಸಿದಳು. ಕಣ್ಣಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಹನಿ ತಾಗದಂತೆ ಹಣೆಗೆ ಎಡಗೈ ಅಡ್ಡ ಹಿಡಿದು, ಉಗುರುಬೆಚ್ಚಗಿನ ನೀರನ್ನು ಲೋಟದಲ್ಲಿ ಹೊಯ್ದಳು. ಬೆಳ್ಳಗಿನ ಕೂದಲು ಒದ್ದೆಯಾಗಿ ಹಕ್ಕಿಮರಿಯ ಪುಕ್ಕದಂತೆ ತಲೆಗೆ ಅಂಟಿಕೊಂಡಿತು. ಅಜ್ಜಿ "ಆಹಾ" ಎಂದಳು. ಗೋಡೆಯಾಚೆಯ ಮನೆಯವರು ಏನಾಯಿತೆಂದು ಕೂಗಿ ಕೇಳಿದರು.

"ಅತ್ತೆ, ಒಂದು ಮಾತು," ಎಂದಳು ಸೊಸೆ. "ನಾನು ನಿಮ್ಮ ತಲೆ ಯಾವಾಗ್ಲೂ ತೊಳೀಲಿಲ್ಲ. ಎರಡೋ ಮೂರೋ ಸಲ ಅಷ್ಟೆ."

"ಸುಳ್ಳು ಹೇಳ್ಬೇಡ. ಚಳಿಗಾಲ ಪೂರ್ತಿ ತೊಳೆದಿದೀಯ."

"ಆಮೇಲೆ ಕೆಲಸದವಳನ್ನ ಇಟ್ಟಿದ್ವಲ್ಲ?"

"ಯಾವ ಕೆಲಸದವಳು?" ಅಜ್ಜಿ ಮುಚ್ಚಳವಿಲ್ಲದ ಕಣ್ಣನ್ನು ಅಗಲಿಸಿದಳು. "ನೊರೆ ಎಲ್ಲ ಮೇಲಕ್ಕೆತ್ತಿ ಕೊಂಬು ಮಾಡಿ, ಕನ್ನಡಿ ತೋರ್ಸಿ, 'ನೋಡಿ ಅತ್ತೆ, ಹೋರಿ' ಅಂದಿದ್ದು ಕೆಲಸದವಳಾ? ನಕ್ಕೂ ನಕ್ಕೂ ನಂಗೆ ಮುರಿದ ಕೈಯೆಲ್ಲ ನೊಂದಿತ್ತು!"

ಸೊಸೆಗೆ ಅದು ಮರೆತೇಹೋಗಿತ್ತು. ಆ ದಿನ ಕೆಲಸಕ್ಕೆ ತಡವಾಗಿ ಮಾಲೀಕರಿಂದ ಬೈಸಿಕೊಂಡದ್ದು ಮಾತ್ರ ನೆನಪಿತ್ತು. ಈಗ ಅತ್ತೆಯ ನಗುವೂ, ನೊರೆಯ ಕೊಂಬುಗಳೂ ಒಮ್ಮೆಲೇ ಕಣ್ಣೆದುರು ಬಂದವು.

"ಸರಿ, ನೀವು ಇದಕ್ಕೆ ಉತ್ತರ ಹೇಳಿ," ಎಂದು ಬೆರಳಾಡಿಸುತ್ತಲೇ ಕೇಳಿದಳು. "ಬಂದವರ ಮುಂದೆ ನನ್ನ ಚಹಾನ ಪಾತ್ರೆ ತೊಳೆದ ನೀರು ಅಂದಿದ್ರಿ. ನೆನಪಿದೆಯಾ?"

"ನಾನಾ? ಯಾರ ಮುಂದೆ?"

"ನೀಲಿ ಸೀರೆಯವರ ಮುಂದೆ."

ಅಜ್ಜಿ ಯೋಚಿಸಿದಳು. ನೀಲಿ ಸೀರೆಯೂ ನೆನಪಿಗೆ ಬರಲಿಲ್ಲ, ಚಹಾವೂ ಬರಲಿಲ್ಲ. "ಎಷ್ಟು ಸಲ ಅಂದಿದ್ದೆ?"

"ಒಂದು ಸಲ."

"ಒಂದಕ್ಕೆ ಇಷ್ಟು ವರ್ಷ ಒಳಗೆ ಬೇಯ್ತಾ ಇದ್ಯಾ ಹುಡುಗಿ? ಅವತ್ತೇ ತಿರುಗಿಸಿ ಅನ್ನಬಾರದಿತ್ತಾ?" ಅಜ್ಜಿ ತಡಕಾಡಿ ಸೊಸೆಯ ಒದ್ದೆ ಮಣಿಕಟ್ಟನ್ನು ಹಿಡಿದಳು. ಆಮೇಲೆ, ಅವಳಿಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದಳು: "ನನ್ನ ನಾಲಿಗೆಗೆ ಎಲುಬಿಲ್ಲ. ನೆನಪಿಲ್ಲ ನಂಗೆ. ಆದ್ರೆ ನಾನು ಅಂದಿರ್ತೀನಿ. ತಪ್ಪಾಯ್ತು."

ಆ ಮೆಲ್ಲಗಿನ ಮಾತು ಬಹುಶಃ ಇಸ್ತ್ರಿ ಅಂಗಡಿಯ ತನಕವೂ ಹೋಗಿರಬೇಕು. ಸೊಸೆ ಅತ್ತೆಯ ತಲೆ ಒರೆಸಿ, ಕೂದಲು ಬಾಚಿ, ಬಿಸಿಲಿಗೆ ಕೂರಿಸಿದಳು. ಸೂಟ್‌ಕೇಸ್ ಅಲ್ಲೇ ಬಾಗಿಲ ಹತ್ತಿರ ಇತ್ತು.

"ಅತ್ತೆ, ಹೋಗ್ಲೇಬೇಕಾ?" ಎಂದಳು.

ಅಜ್ಜಿ ಬಾಗಿಲ ಕಡೆ ಮುಖ ತಿರುಗಿಸಿದಳು. "ಮಗಳು ನಂಗೆ ಅಂತ ಕೋಣೆ ಸಿದ್ಧ ಮಾಡಿದಾಳೆ. ಹೋಗದಿದ್ರೆ ನೊಂದ್ಕೋತಾಳೆ. ನಾಲ್ಕು ದಿನ ಇದ್ದು ಬರ್ತೀನಿ. ಇಲ್ಲಿರೋ ನನ್ನ ಕೋಣೆ ನಿನ್ನ ಗಂಡನಿಗೆ ಕೊಡ್ಬೇಡ, ಅದರ ತುಂಬ ಸ್ಪ್ಯಾನರ್ ತುಂಬ್ತಾನೆ."

ಹೋದಳು. ಗಂಡ ಹೆಂಡತಿ ಇಬ್ಬರೇ ಉಳಿದ ಮನೆಯಲ್ಲಿ ಸೊಸೆ ಮೊದಲೆರಡು ದಿನ ನೆಮ್ಮದಿಯಾಗಿ ಮಲಗಿದಳು, ಸುಳ್ಳು ಯಾಕೆ ಹೇಳಬೇಕು. ಮೂರನೆಯ ದಿನ ಊಟಕ್ಕೆ ಕೂತಾಗ, "ಅತ್ತೆ ಹೋಗಿ ತಿಂಗಳಾಯ್ತು ಅಲ್ವಾ?" ಎಂದಳು. ಗಂಡ ತಲೆಯೆತ್ತಿ ಅವಳ ಮುಖ ನೋಡಿದ; ನಾಲ್ಕು ದಿನವೂ ಆಗಿಲ್ಲ ಎನ್ನಲು ಹೊರಟವನು, "ಹೂಂ, ತಿಂಗಳೇ ಇರಬೇಕು" ಎಂದ. ಮದುವೆಯಾದಮೇಲೆ ಅವನಾಡಿದ ಅತ್ಯಂತ ಜಾಣ ಮಾತು ಅದು.

ಎರಡು ವಾರ ಕಳೆದು ಒಂದು ಮಧ್ಯಾಹ್ನ ನಾದಿನಿಯೇ ಅಜ್ಜಿಯನ್ನು ಕರೆತಂದಳು. "ಅಲ್ಲಿ ಕೂತ್ಕೊಂಡು ಬೆಳಗ್ಗಿಂದ ರಾತ್ರಿ ತನಕ ಇವಳದೇ ಜಪ. ನಾನು ಹೆತ್ತ ಮಗಳಲ್ವಾ?" ಎಂದು ಮೂತಿ ಉಬ್ಬಿಸಿದಳು. ಸೊಸೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಇನ್ನು ಮುಂದೆ ಬೇಸಿಗೆ ನಿಮ್ಮಲ್ಲಿ, ಉಳಿದದ್ದು ನಮ್ಮಲ್ಲಿ ಎಂದು ಒಪ್ಪಿಸಿದಳು. ಅಜ್ಜಿ ಮೆಟ್ಟಿಲು ಹತ್ತಿದ ಏದುಸಿರು ಇಳಿಸಿಕೊಳ್ಳುತ್ತ, ಪೊರೆ ಹೋದ ಕಣ್ಣಿನಲ್ಲಿ ಮೊದಲ ಸಲ ಆ ಮನೆಯ ಮೂಲೆಮೂಲೆಯನ್ನೂ ನೋಡುತ್ತಿದ್ದಳು.

"ಅಯ್ಯೋ, ಈ ಗೋಡೆಗೆ ಇಷ್ಟು ಕೊಳೆ ಹತ್ತಿತ್ತಾ!" ಎಂದು ಅವಳು ಕೂಗಿದ್ದು ನಾಲ್ಕೂ ಮಹಡಿಗೆ ಕೇಳಿತು.

"ನಾಳೆ ಇಬ್ರೂ ಸೇರಿ ಒರೆಸೋಣ ಅತ್ತೆ," ಎಂದ ಸೊಸೆ, ಅವಳ ಸೂಟ್‌ಕೇಸನ್ನು ಕೋಣೆಯೊಳಕ್ಕೆ ಎಳೆದುಕೊಂಡು ಹೋದಳು.