ಹದಿನೇಳನೇ ಗುಡ್ಡೆ

ಮುನಿಕೃಷ್ಣಮ್ಮನ ಗಂಡ ಪಿಳ್ಳಪ್ಪ ಸತ್ತು ಆರು ವರ್ಷವಾದ ಮೇಲೆ ಕಾಣೆಯಾದ.

ಅಲ್ಲಿಯವರೆಗೆ ಅವನು ಕುಂಟೆಪಾಳ್ಯದ ತಮ್ಮ ಹೊಲದ ಮೂಲೆಯಲ್ಲಿ, ಹೊಂಗೆಮರದ ಬುಡದಲ್ಲಿ ತಣ್ಣಗೆ ಮಲಗಿದ್ದ. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಗೆ ಅವಳು ಹೋಗಿ ಎಡೆ ಇಟ್ಟು, ಮನೆಯ ಸಮಾಚಾರವನ್ನೆಲ್ಲ ಒದರಿ ಬರುತ್ತಿದ್ದಳು. ಬದುಕಿದ್ದಾಗ ಊಟ ಒಂದು ಗಳಿಗೆ ತಡವಾದರೆ ಬೀದಿಗೆ ಬಂದು ಕೂಗಾಡುತ್ತಿದ್ದ ಮನುಷ್ಯ. ಸತ್ತ ಮೇಲೂ ಅವನನ್ನು ಕಾಯಿಸಲು ಅವಳಿಗೆ ಧೈರ್ಯವಿರಲಿಲ್ಲ.

ಎಪ್ಪತ್ತೇಳರಲ್ಲಿ ಹೆಬ್ಬಾಳದ ಆಚೀಚೆಯ ಹೊಲಗಳನ್ನು ಸರ್ಕಾರ ಬಡಾವಣೆಗೆಂದು ಹಿಡಿದಾಗ ಕುಂಟೆಪಾಳ್ಯವೂ ಅದರಲ್ಲಿ ಸೇರಿತು. ಹೊಲಗಳ ಮೂಲೆಮೂಲೆಯಲ್ಲಿದ್ದ ಸಮಾಧಿಗಳನ್ನು ತೆಗೆದು ಜಕ್ಕೂರಿನ ಕಡೆಯ ಗೋಮಾಳದಲ್ಲಿ ಮತ್ತೆ ಮಣ್ಣು ಮಾಡುವ ಕೆಲಸ ಜಯಸಿಂಹ ಎಂಬ ಕಂಟ್ರಾಕ್ಟರಿಗೆ ಹೋಯಿತು. ತಮಟೆಯವನು ಬಂದು ಸಾರಿದ: ಮಂಗಳವಾರ ಅಮಾವಾಸ್ಯೆಯ ದಿನ ಕೆಲಸ, ಸತ್ತವರ ಕಡೆಯವರು ಬಂದು ನಿಂತುಕೊಳ್ಳಬೇಕು. ಊರಿನವರು ನಕ್ಕರು.

"ಮಂಗಳ್ವಾರ ಅಮಾಸೆ ದಿನ ಎಣದ ಗುಂಡೀಗೆ ಗುದ್ಲಿ ಆಕೋ ಗಂಡು ಯಾವೂರಲ್ಲಿ ಉಟ್ಟವ್ನಪ್ಪ? ರಕ್ತ ಕಾರ್ಕೊಂಡು ಸಾಯ್ತಾನೆ" ಎಂದು ಜಗಲಿಯಲ್ಲಿ ಕೂತ ಯಜಮಾನರು ತೀರ್ಮಾನ ಕೊಟ್ಟರು. ಆ ದಿನ ಒಬ್ಬರೂ ಹೊಲದ ಕಡೆ ಸುಳಿಯಲಿಲ್ಲ. ಬುಧವಾರ ಹೋಗಿ ನೋಡಿದರೆ ಹೊಂಗೆಮರವಿಲ್ಲ, ಬದುವಿಲ್ಲ. ಬುಲ್ಡೋಜರು ಓಡಾಡಿ ನೆಲವೆಲ್ಲ ರಾಗಿರೊಟ್ಟಿ ತಟ್ಟಿದ ಹಾಗಿತ್ತು. ಯಾರೂ ರಕ್ತ ಕಾರಿರಲಿಲ್ಲ.

ಗೋಮಾಳದಲ್ಲಿ ಸಾಲಾಗಿ ಮಣ್ಣಿನ ಗುಡ್ಡೆಗಳಿದ್ದವು. ಒಂದೊಂದರ ತಲೆಗೂ ಒಂದು ಕಲ್ಲು, ಕಲ್ಲಿನ ಮೇಲೆ ಟಾರಿನಲ್ಲಿ ಬರೆದ ನಂಬರು. ಯಾವ ನಂಬರಿನಡಿ ಯಾರು ಎಂಬುದು ಮಾತ್ರ ಪುಸ್ತಕದಲ್ಲಿತ್ತು.

"ಪುಸ್ತಕ ಕಂಟ್ರಾಕ್ಟರ್ ಹತ್ರ ಇದೆಯಮ್ಮ" ಎಂದ ಬಡಾವಣೆ ಆಫೀಸಿನ ಗುಮಾಸ್ತ ವೇಣುಗೋಪಾಲ.

"ಕೆಲ್ಸ ಮಾಡ್ಸಿದ್ದು ನೀವಲ್ವೇನಪ್ಪ?"

"ಮಾಡ್ಸಿದ್ದು ನಾವು. ಮಾಡಿದ್ದು ಅವರು, ಬರ್ಕೊಂಡಿರೋದೂ ಅವರು. ನಮ್ಮ ಹತ್ರ ಕೆಲಸ ಮುಗೀತು ಅಂತ ಒಂದು ಕಾಗದ ಇದೆ, ಅಷ್ಟೆ."

ಜಯಸಿಂಹನ ಆಫೀಸು ಯಶವಂತಪುರದಲ್ಲಿ, ಮರದ ಮಂಡಿಗಳ ಸಾಲಿನಲ್ಲಿತ್ತು. ಮುನಿಕೃಷ್ಣಮ್ಮ ಬೆಳಿಗ್ಗೆ ಸಂಜಯನಗರದ ಎರಡು ಮನೆಗಳಲ್ಲಿ ಮುಸುರೆ ತಿಕ್ಕಿ, ಅಲ್ಲಿಂದ ನಡೆದೇ ಹೋದಳು. ಜಯಸಿಂಹ ಇರಲಿಲ್ಲ, ಅವನು ಎಂದೂ ಇರುತ್ತಿರಲಿಲ್ಲ. ಲೆಕ್ಕ ಬರೆಯುವ ಶೇಷಗಿರಿ ಇದ್ದ. ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಕೆಂಪು ರಟ್ಟಿನ ಪುಸ್ತಕವೂ ಇತ್ತು.

"ಇದು ನಮ್ಮ ಯಜಮಾನರ ಸ್ವಂತದ್ದಮ್ಮ. ಕಂಡಕಂಡವರಿಗೆ ತೋರಿಸೋ ಹಾಗಿಲ್ಲ. ಸರ್ಕಾರ ಕೇಳಿದ್ರೆ ತೋರಿಸ್ತೀವಿ."

"ಸರ್ಕಾರದೋರು ನಿಮ್ಮನ್ನೇ ಕೇಳು ಅಂತವ್ರೆ."

"ಅವರು ಹಾಗೇ ಅಂತಾರೆ."

"ಪುಸ್ತಕ ನಿಮ್ದೇ ಇರ್ಲಿ ಸ್ವಾಮಿ. ಅದ್ರಾಗಿರೋ ಗಂಡ ನಂದಲ್ವಾ?"

ಶೇಷಗಿರಿಗೆ ನಗು ಬಂತು. ಅವನು ನಕ್ಕರೆ ಕೆಲಸ ಆದೀತೆಂದು ಅವಳೂ ನಕ್ಕಳು. ಆಗಲಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆ ಎಡೆಯಿಲ್ಲದೆ ಹೋಯಿತು. ಮನೆಯಲ್ಲೇ ಒಂದು ಚೊಂಬಿನ ಮುಂದೆ ಅನ್ನ ಇಟ್ಟಳು. ಚೊಂಬು ಚೊಂಬಿನ ಹಾಗೇ ಕೂತಿತ್ತು. ಮಾರನೆಯ ವರ್ಷವೆಲ್ಲ ಅವಳು ಬಡಾವಣೆ ಆಫೀಸಿಗೂ ಯಶವಂತಪುರಕ್ಕೂ ಗಾಣದೆತ್ತಿನ ಹಾಗೆ ಸುತ್ತಿದಳು. ಮತ್ತೆ ಪಿತೃಪಕ್ಷ ಹತ್ತಿರ ಬಂತು. ಒಂದು ಮಧ್ಯಾಹ್ನ ಅವಳ ನೆರಳು ಬಾಗಿಲಲ್ಲಿ ಬಿದ್ದದ್ದೇ ಶೇಷಗಿರಿ ಕೈಯಲ್ಲಿದ್ದ ಪೆನ್ನು ಎಸೆದ.

"ಹೆಸರು ಹೇಳು ತಾಯಿ, ಸಾಕು ಮಾಡು."

"ಪಿಳ್ಳಪ್ಪ. ಕುಂಟೆಪಾಳ್ಯ."

ಅವನು ಪುಸ್ತಕವನ್ನು ತನ್ನ ಎದೆಯ ಕಡೆಗೆ ತಿರುಗಿಸಿಕೊಂಡು ಹಾಳೆ ಮಗುಚಿದ. ಓದು ಬಾರದ ಅವಳು ನೋಡಿ ಮಾಡುವುದೇನೂ ಇರಲಿಲ್ಲ. ಆದರೂ ಕತ್ತು ಚಾಚಿದಳು. ಅವನು ಪಟ್ಟನೆ ಮುಚ್ಚಿದ.

"ಹದಿನೇಳು. ನಾನು ಹೇಳ್ದೆ ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಅಕ್ಷರ ಬಾರದಿದ್ದರೂ ಬಸ್ಸಿನ ನಂಬರು ನೋಡಿ ನೋಡಿ ಅವಳಿಗೆ ಅಂಕಿ ಬರುತ್ತಿತ್ತು. ಅಮಾವಾಸ್ಯೆಯ ದಿನ ಗೋಮಾಳದಲ್ಲಿ ಹದಿನೇಳನ್ನು ಹುಡುಕಿ, ಹುಲ್ಲು ಕಿತ್ತು, ನೀರು ಚಿಮುಕಿಸಿ ಎಡೆ ಹಾಕಿದಳು. ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ, ಸೀಸೆಯ ತಳದಲ್ಲಿ ಒಂದಿಷ್ಟು ಸಾರಾಯಿ. "ಸಿಟ್ಟು ಮಾಡ್ಕೋಬ್ಯಾಡ. ಓದ್ವರ್ಸ ನೀನೆಲ್ಲಿದ್ದೀಯೋ ಗೊತ್ತಾಗ್ನಿಲ್ಲ" ಎಂದು ಶುರುಮಾಡಿದಳು. ಸೊಸೆಗೆ ಹೆಣ್ಣು ಮಗು ಆದದ್ದು, ಹಸು ಮಾರಿದ್ದು, ಎಲ್ಲ ಹೇಳಿದಳು.

"ಯಾರಮ್ಮ ನೀನು? ನಮ್ಮತ್ತೆ ಮೇಲೆ ಬೀಡಿ ಮಡಗಿದ್ದೀಯಲ್ಲ!"

ಹಿಂದೆ ಒಬ್ಬಳು ತಟ್ಟೆ ಹಿಡಿದು ನಿಂತಿದ್ದಳು. ಪಕ್ಕದ ಹಳ್ಳಿ ಚಿಕ್ಕತೋಪಿನ ಮುನಿನಾರಾಯಣಮ್ಮ. ತಟ್ಟೆಯಲ್ಲಿ ಪಾಯಸ, ಎಲೆಅಡಿಕೆ, ಹುಲ್ಲು ತೆಗೆಯಲು ಒಂದು ಕುರ್ಪಿ.

"ನಿಮ್ಮತ್ತೆಯಾ? ಇದು ನನ್ ಗಂಡ ಕಣಮ್ಮ."

"ಅದಿನೇಳು ತಾನೆ? ಶೇಸಗಿರಿ ಸ್ವಾಮ್ಗಳೇ ಬುಕ್ಕು ನೋಡಿ ಯೋಳವ್ರೆ."

"ನಂಗೂ ಅವ್ರೇ ಯೋಳಿದ್ದು. ಯಾರ್ತಾವೂ ಅನ್ಬ್ಯಾಡ ಅಂದ್ರು."

"ನಂಗೂ ಅನ್ಬ್ಯಾಡ ಅಂದ್ರು."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮುನಿನಾರಾಯಣಮ್ಮ ತಟ್ಟೆ ಕೆಳಗಿಟ್ಟಳು. "ನಮ್ಮತ್ತೆ ಬದುಕಿರೋಗಂಟ ಪರಗಂಡಸ್ರ ಮುಂದೆ ತಲೆ ಮೇಲಿನ ಸೆರಗು ಜಾರಿಸ್ದೋಳಲ್ಲ. ಈಗ ತಂದು ನಿನ್ ಗಂಡನ ಪಕ್ಕ ಮಲಗ್ಸವ್ರಲ್ಲೇ, ಮುಂಡೇಮಕ್ಳು!"

ಮುನಿಕೃಷ್ಣಮ್ಮನಿಗೆ ತಡೆಯಲಾರದ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ತಾನಾಗಿ ನಿಂತಿತು. ನಿಂತ ಮೇಲೆ ಗುಡ್ಡೆ ಬೇರೆ ಥರ ಕಾಣತೊಡಗಿತು.

"ಅಗದು ನೋಡಾನ" ಎಂದಳು ಮುನಿಕೃಷ್ಣಮ್ಮ.

"ಬ್ಯಾಡ ಕಣಕ್ಕ. ಪಾಪ ಸುತ್ಕೊಂತದೆ."

"ಮೂಳೆ ಸಿಕ್ರೆ ಮುಚ್ಬುಟ್ಟು ಕಾಲಿಗೆ ಬೀಳಾನ. ಸಿಗ್ದಿದ್ರೆ ಪಾಪ ನಮ್ದಲ್ಲ."

ಕುರ್ಪಿಯನ್ನು ಮುನಿಕೃಷ್ಣಮ್ಮನೇ ತೆಗೆದುಕೊಂಡಳು. ಮಣ್ಣು ಸಡಿಲವಾಗಿತ್ತು, ಬಂದಷ್ಟನ್ನು ಮುನಿನಾರಾಯಣಮ್ಮ ಕೈಯಿಂದ ಬಾಚಿದಳು. ಜಲ್ಲಿಕಲ್ಲು ಬಂತು. ಇಟ್ಟಿಗೆ ಚೂರು ಬಂತು, ಸಿಮೆಂಟು ಮೂಟೆಯ ಹರಕು ಬಂತು. ಮೊಣಕೈ ಆಳ ಹೋಗುವಷ್ಟರಲ್ಲಿ ಕುರ್ಪಿ ಟಣ್ಣೆಂದಿತು. ಕೆಳಗೆ ಹುಟ್ಟಿದಾಗಿನಿಂದ ಯಾರ ಗುದ್ದಲಿಯೂ ಬೀಳದ ಕೆಂಪು ಗಟ್ಟಿ ನೆಲ.

ಮುನಿಕೃಷ್ಣಮ್ಮ ಅಲ್ಲೇ ಕುಕ್ಕರಿಸಿದಳು. "ತಂದೇ ಇಲ್ಲ. ಎಲ್ರೂ ಅಲ್ಲೇ ಅವ್ರೆ. ಮೇಲೆ ಬುಲ್ಡೋಜರ್ ಓಡ್ಸವ್ರೆ."

ಮಾರನೆಯ ದಿನ ಇಬ್ಬರೂ ಬಡಾವಣೆ ಆಫೀಸಿಗೆ ಹೋಗಿ ಗುಡ್ಡೆಯಲ್ಲಿ ಕಂಡದ್ದನ್ನು ವೇಣುಗೋಪಾಲನಿಗೆ ಹೇಳಿದ್ದೇ, ಅವರನ್ನು ಸಾಹೇಬರ ಕೋಣೆಗೇ ಬಿಟ್ಟರು. ಇಷ್ಟು ಸಲೀಸಾಗಿ ಬಿಟ್ಟದ್ದಕ್ಕೇ ಮುನಿಕೃಷ್ಣಮ್ಮನಿಗೆ ಹೆದರಿಕೆಯಾಯಿತು. ಯಶವಂತಪುರಕ್ಕೆ ಫೋನು ಹೋಗಿ, ಶೇಷಗಿರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಂದು, ಅದನ್ನು ಸಾಹೇಬರ ಮೇಜಿನ ಮೇಲಿಟ್ಟು ಕೂತ. ಅವಳ ಕಡೆ ನೋಡಲಿಲ್ಲ.

"ಸಮಾಧಿ ಅಗೆದಿದ್ದೀರಿ. ಎಂಥಾ ಅಪರಾಧ ಗೊತ್ತಾ?" ಎಂದರು ಸಾಹೇಬರು.

"ಅದು ಸಮಾದಿನೇ ಅಲ್ಲ ಸ್ವಾಮಿ. ಒಳಗೆ ಬರೀ ಜಲ್ಲಿ" ಎಂದಳು ಮುನಿಕೃಷ್ಣಮ್ಮ.

"ಸಮಾಧಿ ಅಂತ ಪುಸ್ತಕದಲ್ಲಿದೆ."

"ಯಾರ್ದು ಅಂತ ಬರ್ದವ್ರೆ? ಅದೊಂದು ಓದಿ ಯೋಳಿ."

"ಅದು ಕಂಟ್ರಾಕ್ಟರ್ ಪುಸ್ತಕ. ನಾನು ಓದೋ ಹಾಗಿಲ್ಲ." ಪುಸ್ತಕ ಅವರ ಮೊಣಕೈ ಪಕ್ಕದಲ್ಲೇ ಇತ್ತು. "ಒಳಗೆ ಮೂಳೆ ಇರ್ಲಿಲ್ಲ ಅಂತೀರಲ್ಲ, ಅಗೆದೋರು ನೀವು. ತೆಗೆದು ಎಲ್ಲಿಗೆ ಹಾಕಿದ್ರಿ?"

ಮುನಿನಾರಾಯಣಮ್ಮ ಅಳಲು ಶುರುಮಾಡಿದಳು. ವೇಣುಗೋಪಾಲ ಮೆಲ್ಲಗೆ ದಾರಿ ತೋರಿಸಿದ. ಸಮಾಧಿ ನೋಡಿದ್ದೇವೆ, ನಮ್ಮವರದೇ, ಸರಿಯಾಗಿದೆ ಎಂದು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು. ಇಲ್ಲದಿದ್ದರೆ ಪೊಲೀಸು. ಮುನಿನಾರಾಯಣಮ್ಮ ಆಗಲೇ ಬೆರಳು ಚಾಚಿದ್ದಳು.

"ನಮ್ಮೋರ್ದು ಅಂದ್ರೆ ಯಾರ್ದು?" ಎಂದಳು ಮುನಿಕೃಷ್ಣಮ್ಮ. "ನನ್ ಗಂಡಂದಾ, ಇವಳತ್ತೇದಾ?"

ವೇಣುಗೋಪಾಲ ಸಾಹೇಬರ ಮುಖ ನೋಡಿದ.

"ಇಬ್ಬರದೂ ಅಂತ ಬರ್ಕೊಳ್ರಿ" ಎಂದರು ಸಾಹೇಬರು.

ಅವಳೂ ಒತ್ತಿದಳು. ಕಾಗದ ಆರಿದ ಮೇಲೆ ಶೇಷಗಿರಿ ಅದನ್ನು ಪುಸ್ತಕದೊಳಗೆ ಇಟ್ಟು, ಮುಚ್ಚಿ, ಎದ್ದು ಹೋದ.

ಮುನಿನಾರಾಯಣಮ್ಮನನ್ನು ಬಸ್ಸು ಹತ್ತಿಸಿ ಮುನಿಕೃಷ್ಣಮ್ಮ ಮನೆಗೆ ಹೋಗಲಿಲ್ಲ. ಹೊಸ ಬಡಾವಣೆಯೊಳಗೆ ನಡೆದಳು. ರಸ್ತೆಗಳಿಗೆ ಜಲ್ಲಿ ಹಾಕಿ ಆಗಿತ್ತು, ಸೈಟುಗಳಿಗೆ ಗುರುತಿನ ಕಲ್ಲು ನೆಟ್ಟಿದ್ದರು, ಅಲ್ಲೊಂದು ಇಲ್ಲೊಂದು ಮನೆಯ ಗೋಡೆ ಎದ್ದಿತ್ತು. ಹೊಲ ಎಲ್ಲಿ ಶುರುವಾಗುತ್ತಿತ್ತು, ಎಲ್ಲಿ ಮುಗಿಯುತ್ತಿತ್ತು, ಹೊಂಗೆಮರದ ಬುಡ ಎಲ್ಲಿತ್ತು ಗೊತ್ತಾಗಲಿಲ್ಲ. ನಾಲ್ಕು ಹೆಜ್ಜೆ ಇಡುವಳು, ಕಾಲ ಕೆಳಗೆ ನೋಡುವಳು, ಹಿಂದಕ್ಕೆ ಬರುವಳು. ಕಡೆಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡುರಸ್ತೆಯಲ್ಲಿ ನಿಂತುಬಿಟ್ಟಳು.

ಸೈಟು ನೋಡಲು ಬಂದವನೊಬ್ಬ ಸ್ಕೂಟರಿನ ಹಾರನ್ನು ಒತ್ತಿದ. "ಏನಮ್ಮ, ರೋಡ್ ಮಧ್ಯ ನಿಂತಿದ್ದೀಯ? ಪಕ್ಕಕ್ಕೆ ಹೋಗು."

"ಯಾವ ಪಕ್ಕಕ್ಕೆ ಓಗ್ಲಪ್ಪ?" ಎಂದಳು. ಅವನು ತಲೆ ಕೆಟ್ಟವಳೆಂದುಕೊಂಡು ಬಳಸಿಕೊಂಡು ಹೋದ.